ಡಯಾಲಿಸಿಸ್ ರೋಗಿಗಳ ಹೃದಯದ ನಾಳದಲ್ಲಿ ಸುಣ್ಣ: ರಕ್ತದ ರಿಪೋರ್ಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

"ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಅದು ಸೀದಾ ಹೃದಯದ ನಾಳಕ್ಕೆ ಹೋಗಿ ಕಲ್ಲಾಗುತ್ತದೆ. ಇವತ್ತೇ ನಿಲ್ಲಿಸಿ. ನಿಮ್ಮವರಿಗೂ ತಿಳಿಸಿ." ಈ ಧಾಟಿಯ ಸಂದೇಶ ನಿಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ಹೃದಯದ ಚಿಂತೆಯೇ ಬೇಡ." ಮೂರನೆಯದು ಮಾರಾಟದ ಮಾತು: "ವಿಟಮಿನ್ ಕೆ2 ತೆಗೆದುಕೊಳ್ಳಿ, ನಾಳದಲ್ಲಿ ಕಟ್ಟಿದ ಸುಣ್ಣ ಕರಗಿ ಹೋಗುತ್ತದೆ."

ಮೂರೂ ಸಂದೇಶಗಳಲ್ಲಿ ಒಂದೊಂದು ಎಳೆ ನಿಜವಿದೆ. ಆದ್ದರಿಂದಲೇ ಜನ ನಂಬುತ್ತಾರೆ. ಆದರೆ ಆ ಎಳೆಯನ್ನು ಹಿಡಿದು ಮಾತ್ರೆ ನಿಲ್ಲಿಸಿದರೆ, ಅಥವಾ ಹೊಸ ಮಾತ್ರೆ ಶುರು ಮಾಡಿದರೆ ತೊಂದರೆ ಅನುಭವಿಸುವವರು ಈಗಾಗಲೇ ವಾರಕ್ಕೆ ಎರಡು ಮೂರು ದಿನ ಯಂತ್ರದ ಪಕ್ಕದಲ್ಲಿ ಮಲಗಿರುವ ನಮ್ಮ ಮನೆಯವರೇ. ಹಾಗಾಗಿ ಈ ವಿಷಯವನ್ನು ಬುಡದಿಂದ ನೋಡೋಣ.

ಮೊದಲು ಚುಟುಕು ಉತ್ತರ

ಡಯಾಲಿಸಿಸ್ ರೋಗಿಗಳ ಹೃದಯದ ರಕ್ತನಾಳಗಳಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಬೇರೆಯವರಿಗಿಂತ ಬೇಗ ಮತ್ತು ಹೆಚ್ಚು ಕಟ್ಟಿಕೊಳ್ಳುತ್ತದೆ ಎಂಬುದು ನಿಜ. ರಕ್ತದ ರಂಜಕ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ಮುಂತಾದವು ಇದರ ಅಪಾಯವನ್ನು ಸೂಚಿಸುತ್ತವೆ ಎಂಬುದೂ ನಿಜ. ಆದರೆ ಒಂದೇ ಒಂದು ರಿಪೋರ್ಟಿನ ಒಂದೇ ಒಂದು ಅಂಕಿ ನೋಡಿ ನಾಳದಲ್ಲಿ ಸುಣ್ಣ ಇದೆ ಅಥವಾ ಇಲ್ಲ ಎಂದು ಹೇಳಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ: ರಿಪೋರ್ಟಿನ ಅಂಕಿಯನ್ನು ಇಳಿಸಿದ ಮಾತ್ರಕ್ಕೆ ಹೃದಯ ಸುರಕ್ಷಿತವಾಯಿತು ಎಂದೂ ಅಲ್ಲ. ಹೇಗೆ ಎಂದು ಮುಂದೆ ನೋಡೋಣ.

ಕಿಡ್ನಿ ಕಾಯಿಲೆಯಲ್ಲಿ ಹೃದಯದ ಮಾತೇಕೆ?

ಕಿಡ್ನಿ ಕೆಟ್ಟವರಿಗೆ ಕಿಡ್ನಿಯಿಂದಲೇ ಅಪಾಯ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಡಯಾಲಿಸಿಸ್ ರೋಗಿಗಳ ಸಾವಿಗೆ ಅತಿ ದೊಡ್ಡ ಕಾರಣ ಹೃದಯ ಮತ್ತು ರಕ್ತನಾಳಗಳ ಕಾಯಿಲೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ಕಿಡ್ನಿ ಕಳೆದುಕೊಂಡವರಲ್ಲಿ ನಾಳಗಳು ಮೊದಲೇ ಪೆಟ್ಟು ತಿಂದಿರುತ್ತವೆ. ಕಿಡ್ನಿ ನಿಂತ ಮೇಲೆ ಅದರ ಜೊತೆಗೆ ಸುಣ್ಣ ಕಟ್ಟುವ ಸಮಸ್ಯೆಯೂ ಸೇರಿಕೊಳ್ಳುತ್ತದೆ.

ಇದು ವಯಸ್ಸಾದವರ ಸಮಸ್ಯೆ ಮಾತ್ರ ಅಲ್ಲ ಎಂದು ತೋರಿಸಿದ್ದು 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಬಾಲ್ಯದಲ್ಲಿ ಅಥವಾ ಹರೆಯದಲ್ಲೇ ಕಿಡ್ನಿ ಕಳೆದುಕೊಂಡು ಡಯಾಲಿಸಿಸ್‌ನಲ್ಲಿದ್ದ 39 ಮಂದಿಯ ಹೃದಯವನ್ನು ಸ್ಕ್ಯಾನ್ ಮಾಡಲಾಯಿತು. 20 ವರ್ಷಕ್ಕಿಂತ ಚಿಕ್ಕವರಾಗಿದ್ದ 23 ಮಂದಿಯಲ್ಲಿ ಒಬ್ಬರಿಗೂ ಸುಣ್ಣ ಕಾಣಲಿಲ್ಲ. ಆದರೆ 20ರಿಂದ 30 ವರ್ಷದೊಳಗಿನ 16 ಮಂದಿಯಲ್ಲಿ 14 ಮಂದಿಗೆ ಹೃದಯದ ನಾಳದಲ್ಲಿ ಸುಣ್ಣ ಕಟ್ಟಿತ್ತು. ಅದೇ ವಯಸ್ಸಿನ 60 ಆರೋಗ್ಯವಂತರಲ್ಲಿ ಹೀಗಾಗಿದ್ದದ್ದು ಮೂವರಿಗೆ ಮಾತ್ರ.

ಇಪ್ಪತ್ತೈದರ ಪ್ರಾಯದವರ ನಾಳ ಅರವತ್ತು ದಾಟಿದವರ ನಾಳದಂತೆ ಕಾಣಲು ಕಾರಣವೇನು? ಸುಣ್ಣ ಕಟ್ಟಿದವರು ಹೆಚ್ಚು ವರ್ಷಗಳಿಂದ ಡಯಾಲಿಸಿಸ್‌ನಲ್ಲಿದ್ದರು. ಅವರ ರಕ್ತದಲ್ಲಿ ರಂಜಕ ಹೆಚ್ಚಿತ್ತು. ಅವರು ಔಷಧಿಯಾಗಿ ನುಂಗುತ್ತಿದ್ದ ಕ್ಯಾಲ್ಸಿಯಂ ಉಳಿದವರಿಗಿಂತ ಸರಿಸುಮಾರು ಎರಡು ಪಟ್ಟು ಇತ್ತು. ಮೊದಲ ಫಾರ್ವರ್ಡ್‌ನಲ್ಲಿರುವ ನಿಜದ ಎಳೆ ಇದೇ.

ಸುಣ್ಣ ಕಟ್ಟುವುದು ಹೇಗೆ?

ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ರಕ್ತನಾಳದಲ್ಲೂ ಹಾಗೆಯೇ ಎಂದು ಬಹಳ ಕಾಲ ವೈದ್ಯರೂ ಅಂದುಕೊಂಡಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಹೆಚ್ಚಾದರೆ ಅವೆರಡೂ ಸೇರಿ ಗೋಡೆಗೆ ಅಂಟಿಕೊಳ್ಳುತ್ತವೆ ಎಂಬುದು ಆ ಲೆಕ್ಕ.

ಆದರೆ ನಾಳದ ಗೋಡೆ ಹಂಡೆಯ ತಾಮ್ರದಂತೆ ಜಡವಲ್ಲ. ಅದರ ನಡುವಿನ ಪದರದಲ್ಲಿ ಸ್ನಾಯುಕೋಶಗಳಿವೆ. ನಾಳವನ್ನು ಹಿಗ್ಗಿಸಿ ಕುಗ್ಗಿಸುವುದು ಅವುಗಳ ಕೆಲಸ. ಪ್ರಯೋಗಾಲಯದಲ್ಲಿ ಈ ಕೋಶಗಳನ್ನು ಹೆಚ್ಚು ರಂಜಕವಿರುವ ದ್ರವದಲ್ಲಿ ಬೆಳೆಸಿದಾಗ ಅವು ಸ್ನಾಯುವಿನ ಗುಣ ಬಿಟ್ಟು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗಿದವು. ಅಂದರೆ ಸುಣ್ಣ ಬರೀ ಹೊರಗಿನಿಂದ ಬಂದು ಅಂಟುವುದಿಲ್ಲ. ಗೋಡೆಯೇ ಮೂಳೆಯಾಗಲು ಹೊರಡುತ್ತದೆ.

ಇದನ್ನು ತಡೆಯುವ ಕಾವಲುಗಾರರೂ ದೇಹದಲ್ಲಿದ್ದಾರೆ. ಯಕೃತ್ತಿನಲ್ಲಿ ತಯಾರಾಗುವ ಫೆಟುಯಿನ್-ಎ ಎಂಬ ಪ್ರೋಟೀನು ರಕ್ತದಲ್ಲಿ ಸುಣ್ಣದ ಹರಳು ಬೆಳೆಯದಂತೆ ನೋಡಿಕೊಳ್ಳುತ್ತದೆ. ನಾಳದ ಗೋಡೆಯಲ್ಲೇ ಮ್ಯಾಟ್ರಿಕ್ಸ್ ಜಿಎಲ್‌ಎ ಎಂಬ ಇನ್ನೊಂದು ಪ್ರೋಟೀನು ಇದೆ. ಈ ಪ್ರೋಟೀನು ಇಲ್ಲದಂತೆ ಬೆಳೆಸಿದ ಇಲಿಗಳ ದೊಡ್ಡ ನಾಳಗಳು ಸುಣ್ಣಗಟ್ಟಿ, ಅವು ಎರಡೇ ತಿಂಗಳೊಳಗೆ ಸತ್ತವು ಎಂದು 1997ರಲ್ಲಿ ವರದಿಯಾಯಿತು. ಡಯಾಲಿಸಿಸ್ ರೋಗಿಗಳಲ್ಲಿ ದೇಹದೊಳಗಿನ ಉರಿಯೂತದಿಂದಾಗಿ ಫೆಟುಯಿನ್ ಕಡಿಮೆಯಾಗುತ್ತದೆ, ಎರಡನೆಯದು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಂದು ಕಡೆ ರಂಜಕದ ಒತ್ತಡ, ಇನ್ನೊಂದು ಕಡೆ ಕಾವಲು ದುರ್ಬಲ.

ಸುಣ್ಣ ಎರಡು ಜಾಗದಲ್ಲಿ ಕಟ್ಟುತ್ತದೆ. ಒಳಪದರದಲ್ಲಿ ಕೊಬ್ಬಿನ ಗಡ್ಡೆಯ ಜೊತೆ ಕಟ್ಟುವುದು ಎಲ್ಲರಲ್ಲೂ ಕಂಡುಬರುತ್ತದೆ. ನಾವು ಸಾಮಾನ್ಯವಾಗಿ 'ಬ್ಲಾಕ್' ಎನ್ನುವುದು ಇದಕ್ಕೇ. ನಡುಪದರದಲ್ಲಿ ಕಟ್ಟುವುದು ಕಿಡ್ನಿ ರೋಗಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಅದು ನಾಳವನ್ನು ಮುಚ್ಚುವುದಿಲ್ಲ, ಬಿರುಸಾಗಿಸುತ್ತದೆ. ರಬ್ಬರ್ ಪೈಪಿನಂತಿದ್ದ ನಾಳ ಪಿವಿಸಿ ಪೈಪಿನಂತಾಗುತ್ತದೆ. ಆಗ ಬಿ.ಪಿ.ಯ ಮೇಲಿನ ಅಂಕಿ ಏರುತ್ತದೆ, ಕೆಳಗಿನ ಅಂಕಿ ಇಳಿಯುತ್ತದೆ. ಹೃದಯ ಹೆಚ್ಚು ಜೋರಾಗಿ ತಳ್ಳಬೇಕಾಗುತ್ತದೆ, ಅದರ ಗೋಡೆ ದಪ್ಪವಾಗುತ್ತದೆ. ಹೃದಯ ತನಗೆ ಬೇಕಾದ ರಕ್ತವನ್ನು ಪಡೆಯುವುದು ಹೆಚ್ಚಾಗಿ ಅದು ಸಡಿಲಗೊಂಡ ಹೊತ್ತಿನಲ್ಲಿ. ಕೆಳಗಿನ ಅಂಕಿ ಇಳಿದರೆ ಆ ಪೂರೈಕೆಯೂ ಕುಗ್ಗುತ್ತದೆ.

ಸ್ಕ್ಯಾನ್ ಕೊಡುವ ಅಂಕ

ಹೃದಯದ ನಾಳದಲ್ಲಿ ಎಷ್ಟು ಸುಣ್ಣವಿದೆ ಎಂದು ಅಳೆಯಲು ಸಿ.ಟಿ. ಸ್ಕ್ಯಾನ್ ಇದೆ. ಇದಕ್ಕೆ ಬಣ್ಣದ ಇಂಜೆಕ್ಷನ್ ಬೇಕಿಲ್ಲ. ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್ ಮತ್ತು ಅವರ ಸಂಗಡಿಗರು 1990ರಲ್ಲಿ ರೂಪಿಸಿದ ವಿಧಾನದಲ್ಲಿ ಸುಣ್ಣದ ವಿಸ್ತಾರ ಮತ್ತು ಗಟ್ಟಿತನ ಎರಡನ್ನೂ ಲೆಕ್ಕಹಾಕಿ ಒಂದು ಅಂಕ ಕೊಡುತ್ತಾರೆ. ಸೊನ್ನೆ ಎಂದರೆ ಕಾಣುವಂಥ ಸುಣ್ಣವಿಲ್ಲ. 400 ದಾಟಿದರೆ ಬಹಳ ಹೆಚ್ಚು ಎಂದು ಪರಿಗಣಿಸುತ್ತಾರೆ.

ಡಯಾಲಿಸಿಸ್ ರೋಗಿಗಳಲ್ಲಿ ಈ ಅಂಕ ಸಾವಿರ ದಾಟುವುದೂ ಉಂಟು. ಹಾಗೆಂದು ಅಂಕ ದೊಡ್ಡದಿದ್ದ ಮಾತ್ರಕ್ಕೆ ನಾಳ ಅಷ್ಟೇ ಮುಚ್ಚಿದೆ ಎಂದಲ್ಲ. ಸುಣ್ಣ ಒಳಪದರದಲ್ಲಿದೆಯೋ ನಡುಪದರದಲ್ಲಿದೆಯೋ ಎಂದು ಈ ಸ್ಕ್ಯಾನ್ ಬಿಡಿಸಿ ಹೇಳುವುದಿಲ್ಲ. 'ಅಂಕ 900, ಅಂದರೆ ಶೇಕಡಾ 90 ಬ್ಲಾಕ್' ಎಂದು ಯಾರಾದರೂ ಹೇಳಿದರೆ ಅದು ತಪ್ಪು ಲೆಕ್ಕ.

ಪ್ರತಿಯೊಬ್ಬರೂ ಈ ಸ್ಕ್ಯಾನ್ ಮಾಡಿಸಲೇಬೇಕೆಂದೂ ಇಲ್ಲ. ಕಿಡ್ನಿ ಕಾಯಿಲೆಗಳ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ, ಹೊಟ್ಟೆಯ ಪಕ್ಕದಿಂದ ತೆಗೆದ ಸಾಮಾನ್ಯ ಎಕ್ಸ್-ರೇ ಮತ್ತು ಹೃದಯದ ಎಕೋ ಪರೀಕ್ಷೆಯನ್ನೂ ಬಳಸಬಹುದು ಎನ್ನುತ್ತದೆ. ಎಕ್ಸ್-ರೇಯಲ್ಲಿ ಬೆನ್ನುಮೂಳೆಯ ಮುಂದೆ ಇಳಿಯುವ ಮಹಾಪಧಮನಿಯ ಗೋಡೆ ಬೆಳ್ಳಗೆ ಕಂಡರೆ ಸುಣ್ಣವಿದೆ ಎಂದರ್ಥ. ಎಕೋದಲ್ಲಿ ಹೃದಯದ ಕವಾಟಗಳ ಸುಣ್ಣ ಕಾಣುತ್ತದೆ. ಹೀಗೆ ಸುಣ್ಣ ಕಂಡವರನ್ನು ಹೃದಯದ ಅಪಾಯ ಅತಿ ಹೆಚ್ಚಿರುವವರು ಎಂದು ಪರಿಗಣಿಸಿ ವೈದ್ಯರು ಔಷಧಿ ಆರಿಸುತ್ತಾರೆ.

ರಕ್ತದ ರಿಪೋರ್ಟನ್ನು ಸಾಲು ಸಾಲಾಗಿ ಓದೋಣ

ಕ್ಯಾಲ್ಸಿಯಂ: ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ ಮತ್ತು ಹಲ್ಲಿನಲ್ಲಿದೆ. ರಕ್ತದಲ್ಲಿರುವುದು ಚಿಟಿಕೆಯಷ್ಟು. ಆ ಚಿಟಿಕೆ ಏರುಪೇರಾದರೆ ಹೃದಯದ ಬಡಿತವೇ ತಪ್ಪುವುದರಿಂದ ದೇಹ ಅದನ್ನು ಹೇಗಾದರೂ ಮಾಡಿ ಒಂದೇ ಮಟ್ಟದಲ್ಲಿ ಇಡುತ್ತದೆ. ಕಡಿಮೆಯಾದರೆ ಮೂಳೆಯಿಂದ ಸಾಲ ತೆಗೆಯುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದ್ದಾಗಲೂ ಮೂಳೆ ಸವೆಯುತ್ತಿರಬಹುದು, ನಾಳದಲ್ಲಿ ಸುಣ್ಣ ಕಟ್ಟುತ್ತಿರಬಹುದು. ಜೇಬಿನಲ್ಲಿ ಇವತ್ತು ಎಷ್ಟು ಹಣವಿದೆ ಎಂಬುದನ್ನು ನೋಡಿ ಮನೆಯ ಸಾಲ ಎಷ್ಟಿದೆ ಎಂದು ಹೇಳಲು ಆಗುತ್ತದೆಯೇ? ಇದೂ ಹಾಗೆಯೇ. ಆದರೆ ಕ್ಯಾಲ್ಸಿಯಂ ಮಿತಿ ಮೀರಿ ಏರಿದ್ದರೆ ಅದನ್ನು ನಿರ್ಲಕ್ಷಿಸುವಂತಿಲ್ಲ.

ರಂಜಕ: ರಿಪೋರ್ಟಿನಲ್ಲಿ ಫಾಸ್ಫರಸ್ ಎಂದಿರುತ್ತದೆ. ಆರೋಗ್ಯವಂತರಲ್ಲಿ ಇದು ಪ್ರತಿ ಡೆಸಿಲೀಟರಿಗೆ ಸುಮಾರು 2.5ರಿಂದ 4.5 ಮಿಲಿಗ್ರಾಂ. ಅಮೆರಿಕದ 6,000ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಂಜಕ 6.5 ದಾಟಿದವರಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಶೇಕಡಾ 27ರಷ್ಟು ಹೆಚ್ಚಿತ್ತು. ನಮ್ಮ ದೃಷ್ಟಿಯಲ್ಲಿ ಮನೆಯವರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ಸಾಲು ಇದು.

ಪಿ.ಟಿ.ಎಚ್.: ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸುರಿಸುವ ಹಾರ್ಮೋನ್. ಇದು ಮಿತಿ ಮೀರಿದರೆ ಮೂಳೆಯಿಂದ ಕ್ಯಾಲ್ಸಿಯಂ, ರಂಜಕ ಎರಡನ್ನೂ ಕಿತ್ತು ರಕ್ತಕ್ಕೆ ಬಿಡುತ್ತದೆ. ತೀರಾ ಕಡಿಮೆಯಾದರೂ ಕಷ್ಟ. ಮೂಳೆ ಮಂಕಾಗಿ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನೇ ಬಿಡುತ್ತದೆ, ಹೆಚ್ಚಾದ ಕ್ಯಾಲ್ಸಿಯಂ ನಾಳದ ದಾರಿ ಹಿಡಿಯುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಇದು ಸಾಮಾನ್ಯರ ಗರಿಷ್ಠ ಮಿತಿಯ 2ರಿಂದ 9 ಪಟ್ಟಿನೊಳಗೆ ಇರಲಿ ಎನ್ನುತ್ತದೆ ಕೆಡಿಗೊ. ಆದ್ದರಿಂದ ಲ್ಯಾಬ್ ರಿಪೋರ್ಟಿನಲ್ಲಿ ಈ ಅಂಕಿಯ ಪಕ್ಕ ದಪ್ಪಕ್ಷರದಲ್ಲಿ 'ಹೈ' ಎಂದು ಬಂದರೆ ಗಾಬರಿ ಬೇಡ. ಆ ಗೆರೆ ಹಾಕಿರುವುದು ಕಿಡ್ನಿ ಸರಿಯಿರುವವರಿಗಾಗಿ.

ಆಲ್ಕಲೈನ್ ಫಾಸ್ಫಟೇಸ್: ಮೂಳೆ ಎಷ್ಟು ಬಿರುಸಾಗಿ ಬದಲಾಗುತ್ತಿದೆ ಎಂಬುದರ ಸುಳಿವು. ಯಕೃತ್ತಿನ ತೊಂದರೆಯಲ್ಲೂ ಏರುತ್ತದೆ. ಹಾಗಾಗಿ ಒಂಟಿಯಾಗಿ ಓದುವಂತಿಲ್ಲ, ಪಿ.ಟಿ.ಎಚ್. ಜೊತೆ ಸೇರಿಸಿ ಓದಬೇಕು.

ಸಿ.ಆರ್.ಪಿ.: ಉರಿಯೂತದ ಸೂಚಕ. ಹೆಚ್ಚಿದ್ದವರಲ್ಲಿ ಹೃದಯದ ಅಪಾಯವೂ ಹೆಚ್ಚು. ಆದರೆ ನೆಗಡಿ, ಒಸಡಿನ ಸೋಂಕು, ಡಯಾಲಿಸಿಸ್ ಕ್ಯಾಥೆಟರಿನ ಸೋಂಕು ಯಾವುದರಿಂದಲೂ ಇದು ಏರಬಹುದು.

ಟ್ರೋಪೋನಿನ್: ಹೃದಯಾಘಾತ ಪತ್ತೆಗೆ ಮಾಡುವ ಪರೀಕ್ಷೆ. ಡಯಾಲಿಸಿಸ್ ರೋಗಿಗಳಲ್ಲಿ ಹೃದಯಾಘಾತ ಇಲ್ಲದಾಗಲೂ ಇದು ಸ್ವಲ್ಪ ಏರಿಯೇ ಇರುವುದು ಸಾಮಾನ್ಯ. ಆದ್ದರಿಂದ ವೈದ್ಯರು ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಅಂಕಿ ಬದಲಾಗುತ್ತಿದೆಯೇ ಎಂದು ನೋಡುತ್ತಾರೆ.

ಎಫ್.ಜಿ.ಎಫ್.-23, ಫೆಟುಯಿನ್-ಎ ಮುಂತಾದ ಹೆಸರುಗಳನ್ನೂ ನೀವು ಓದಿರಬಹುದು. ಇವು ರೋಗವನ್ನು ಅರಿಯಲು ಸಂಶೋಧಕರಿಗೆ ಬಹಳ ಸಹಾಯ ಮಾಡಿವೆ. ಆದರೆ ಇವುಗಳ ಅಂಕಿ ನೋಡಿ ಚಿಕಿತ್ಸೆ ಬದಲಿಸುವ ಹಂತಕ್ಕೆ ನಾವಿನ್ನೂ ಬಂದಿಲ್ಲ. ಕೈಯಿಂದ ಹಣ ಹಾಕಿ ಈ ಪರೀಕ್ಷೆಗಳನ್ನು ಮಾಡಿಸುವ ಅಗತ್ಯವಿಲ್ಲ.

ಇನ್ನೊಂದು ಸೂಕ್ಷ್ಮ: ರಕ್ತ ತೆಗೆದ ಹೊತ್ತು ಮುಖ್ಯ. ಡಯಾಲಿಸಿಸ್ ಮುಗಿದ ಕೂಡಲೇ ರಂಜಕ ಇಳಿದಿರುತ್ತದೆ, ಕೆಲವೇ ಗಂಟೆಗಳಲ್ಲಿ ಮತ್ತೆ ಏರುತ್ತದೆ. ಒಂದು ತಿಂಗಳು ಡಯಾಲಿಸಿಸ್‌ಗೆ ಮೊದಲು, ಇನ್ನೊಂದು ತಿಂಗಳು ಮುಗಿದ ಮೇಲೆ ರಕ್ತ ಕೊಟ್ಟು ಎರಡನ್ನೂ ಹೋಲಿಸಿದರೆ ಸುಧಾರಿಸಿದೆ ಎಂಬ ಭ್ರಮೆ ಹುಟ್ಟುತ್ತದೆ.

ಅಂಕಿ ಇಳಿದರೆ ಹೃದಯ ಉಳಿಯುತ್ತದೆಯೇ?

ಇಲ್ಲಿಯೇ ಹೆಚ್ಚಿನ ಫಾರ್ವರ್ಡ್‌ಗಳು ಎಡವುವುದು. ಅಪಾಯದ ಜೊತೆ ಒಂದು ಅಂಕಿ ಏರುತ್ತದೆ ಎಂದ ಮಾತ್ರಕ್ಕೆ, ಅಂಕಿಯನ್ನು ಇಳಿಸಿದರೆ ಅಪಾಯವೂ ಇಳಿಯುತ್ತದೆ ಎಂದಲ್ಲ. ಹೊಗೆ ಕಂಡಲ್ಲಿ ಬೆಂಕಿ ಇದೆ ಎಂಬುದು ಸರಿ. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದರೆ ಬೆಂಕಿ ಆರುವುದಿಲ್ಲ.

ವೈದ್ಯಲೋಕ ಇದನ್ನು ಕಷ್ಟಪಟ್ಟು ಕಲಿತಿದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಸಾಮಾನ್ಯ ಹೃದ್ರೋಗಿಗಳ ಜೀವ ಉಳಿಸುತ್ತದೆ ಎಂಬುದು ಸಿದ್ಧವಾದ ಮಾತು. ಡಯಾಲಿಸಿಸ್ ರೋಗಿಗಳ ಮೇಲೆ ಎರಡು ದೊಡ್ಡ ಪ್ರಯೋಗಗಳು ನಡೆದವು. 2005ರಲ್ಲಿ ಪ್ರಕಟವಾದ 4ಡಿ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇದ್ದ 1,255 ರೋಗಿಗಳಿದ್ದರು. 2009ರ ಅರೋರಾ ಪ್ರಯೋಗದಲ್ಲಿ 2,776 ಮಂದಿ ಇದ್ದರು. ಎರಡರಲ್ಲೂ ಕೆಟ್ಟ ಕೊಲೆಸ್ಟ್ರಾಲ್ ಶೇಕಡಾ 40ಕ್ಕಿಂತ ಹೆಚ್ಚು ಇಳಿಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು, ಹೃದಯದಿಂದ ಆಗುವ ಸಾವು ಇವುಗಳ ಒಟ್ಟು ಲೆಕ್ಕ ಗಣನೀಯವಾಗಿ ತಗ್ಗಲಿಲ್ಲ. ಹಾಗೆಂದು ಈಗಾಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ನಿಲ್ಲಿಸಬಾರದು. ಡಯಾಲಿಸಿಸ್ ಶುರುವಾಗುವ ಮೊದಲೇ ತೆಗೆದುಕೊಳ್ಳುತ್ತಿದ್ದವರು ಮುಂದುವರಿಸಲಿ ಎಂದೇ ಮಾರ್ಗಸೂಚಿ ಹೇಳುತ್ತದೆ.

ಪಿ.ಟಿ.ಎಚ್. ಕತೆಯೂ ಇದೇ. 3,883 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಇವಾಲ್ವ್ ಪ್ರಯೋಗದಲ್ಲಿ ಸಿನಾಕಾಲ್ಸೆಟ್ ಎಂಬ ಮಾತ್ರೆ ಹಾರ್ಮೋನನ್ನು ಚೆನ್ನಾಗಿ ಇಳಿಸಿತು. ಆದರೆ ಸಾವು ಮತ್ತು ಹೃದಯದ ದೊಡ್ಡ ಅವಘಡಗಳನ್ನು ತಗ್ಗಿಸುತ್ತದೆ ಎಂದು ಮುಖ್ಯ ಲೆಕ್ಕಾಚಾರದಲ್ಲಿ ಸಾಬೀತಾಗಲಿಲ್ಲ.

ರಂಜಕವನ್ನು ಹಿಡಿಯುವ ಮಾತ್ರೆಗಳದ್ದು ಸ್ವಲ್ಪ ಭಿನ್ನ ಕತೆ. 200 ರೋಗಿಗಳನ್ನು ಒಂದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಇರುವ ಮಾತ್ರೆ ತೆಗೆದುಕೊಂಡವರ ನಾಳದ ಸುಣ್ಣ ಹೆಚ್ಚಾಯಿತು. ಕ್ಯಾಲ್ಸಿಯಂ ಇಲ್ಲದ ಸೆವೆಲಮರ್ ತೆಗೆದುಕೊಂಡವರಲ್ಲಿ ಅಷ್ಟು ಹೆಚ್ಚಲಿಲ್ಲ. ಆದರೆ 2,100ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ 2007ರ ದೊಡ್ಡ ಪ್ರಯೋಗದಲ್ಲಿ ಎರಡೂ ಗುಂಪಿನ ಒಟ್ಟು ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದೆಲ್ಲವನ್ನೂ ತೂಗಿ ನೋಡಿ ಕೆಡಿಗೊ 2017ರಲ್ಲಿ ಕ್ಯಾಲ್ಸಿಯಂ ಇರುವ ಮಾತ್ರೆಗಳ ಪ್ರಮಾಣವನ್ನು ಮಿತಿಯಲ್ಲಿಡಿ ಎಂದಿತು. 'ಮಿತಿಯಲ್ಲಿಡಿ' ಎಂಬ ಮಾತು ಫಾರ್ವರ್ಡ್ ಆಗುತ್ತಾ ಆಗುತ್ತಾ 'ಇವತ್ತೇ ನಿಲ್ಲಿಸಿ' ಆಗಿಬಿಟ್ಟಿದೆ.

ರಂಜಕದ ಲೆಕ್ಕ

ಆ ಮಾತ್ರೆಯನ್ನು ಏಕೆ ಕೊಡುತ್ತಾರೆ ಎಂಬುದು ಅರ್ಥವಾದರೆ ಅರ್ಧ ಗೊಂದಲ ಕಳೆಯುತ್ತದೆ. ನಾವು ದಿನಕ್ಕೆ ತಿನ್ನುವ ಊಟದಲ್ಲಿ ಸರಿಸುಮಾರು 1,000 ಮಿಲಿಗ್ರಾಂ ರಂಜಕವಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಸುಮಾರು 600 ಮಿಲಿಗ್ರಾಂ ಕರುಳಿನಿಂದ ರಕ್ತ ಸೇರುತ್ತದೆ. ವಾರಕ್ಕೆ 4,200. ಕಿಡ್ನಿ ಸರಿಯಿದ್ದರೆ ಇದು ಮೂತ್ರದಲ್ಲಿ ಹೋಗುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800ರಿಂದ 1,000 ಮಿಲಿಗ್ರಾಂ. ವಾರಕ್ಕೆ ಮೂರು ಸಲವಾದರೆ ಹೆಚ್ಚೆಂದರೆ 3,000. ನಮ್ಮಲ್ಲಿ ಅನೇಕರು ಖರ್ಚು, ದೂರ, ಬಸ್ಸಿನ ತೊಂದರೆಯಿಂದಾಗಿ ಎರಡೇ ಸಲ ಮಾಡಿಸಿಕೊಳ್ಳುತ್ತಾರೆ. ಅವರಿಗೆ ಇನ್ನೂ ಕಡಿಮೆ.

ಉಳಿದದ್ದು ಎಲ್ಲಿಗೆ ಹೋಗಬೇಕು? ಅದನ್ನು ಕರುಳಿನಲ್ಲೇ ಹಿಡಿದು ಮಲದ ಮೂಲಕ ಹೊರಹಾಕಲು ಕೊಡುವುದೇ ಈ ಮಾತ್ರೆಗಳು. ಕ್ಯಾಲ್ಸಿಯಂ ಅಸಿಟೇಟ್, ಕ್ಯಾಲ್ಸಿಯಂ ಕಾರ್ಬೊನೇಟ್, ಸೆವೆಲಮರ್, ಲ್ಯಾಂಥನಮ್ ಎಲ್ಲವೂ ಈ ಕೆಲಸಕ್ಕೆ. ಮೂಳೆ ಗಟ್ಟಿಯಾಗಲೆಂದು ಕೊಡುವ ಟಾನಿಕ್ ಅಲ್ಲ ಇವು. ಆದ್ದರಿಂದಲೇ ಇವನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಊಟವಾಗಿ ಎರಡು ಗಂಟೆಯ ಮೇಲೆ, ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಹಿಡಿಯಲು ರಂಜಕವೇ ಇರುವುದಿಲ್ಲ, ಕ್ಯಾಲ್ಸಿಯಂ ಮಾತ್ರ ದೇಹ ಸೇರುತ್ತದೆ. ಅಂದರೆ ಫಾರ್ವರ್ಡ್ ಹೆದರಿಸುವ ಅಪಾಯ ಮಾತ್ರೆಯನ್ನು ತಪ್ಪು ಹೊತ್ತಿನಲ್ಲಿ ನುಂಗಿದಾಗ ಇನ್ನೂ ಹೆಚ್ಚುತ್ತದೆ.

ಊಟದಲ್ಲೂ ಎಲ್ಲ ರಂಜಕ ಒಂದೇ ಅಲ್ಲ. ಬೇಳೆ, ಕಾಳು, ರಾಗಿ, ಗೋಧಿಯ ರಂಜಕ ಫೈಟೇಟ್ ರೂಪದಲ್ಲಿರುವುದರಿಂದ ಅದರಲ್ಲಿ ಅರ್ಧದಷ್ಟು ಮಾತ್ರ ರಕ್ತ ಸೇರುತ್ತದೆ. ಹಾಲು, ಮೊಟ್ಟೆ, ಮಾಂಸದ ರಂಜಕ ಇನ್ನೂ ಹೆಚ್ಚು ಸೇರುತ್ತದೆ. ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಚೀಸ್, ಸಂಸ್ಕರಿಸಿದ ಮಾಂಸ, ಕೋಲಾ ಪಾನೀಯಗಳಿಗೆ ಸೇರಿಸುವ ಫಾಸ್ಫೇಟ್ ಶೇಕಡಾ 90ಕ್ಕಿಂತ ಹೆಚ್ಚು ರಕ್ತಕ್ಕೆ ಇಳಿಯುತ್ತದೆ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ 'ಫಾಸ್' ಎಂದು ಶುರುವಾಗುವ ಪದ ಕಂಡರೆ ಕೆಳಗಿಡುವುದು ಒಳ್ಳೆಯದು.

ಫಾರ್ವರ್ಡ್ ಹೇಳುವುದೇನು, ವಾಸ್ತವವೇನು?

"ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚು, ಮುದ್ದೆ ತಿಂದರೆ ನಾಳ ಕಲ್ಲಾಗುತ್ತದೆ." 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಮುದ್ದೆಯ ಕ್ಯಾಲ್ಸಿಯಂ ನೇರವಾಗಿ ನಾಳಕ್ಕೆ ಹೋಗುವುದಿಲ್ಲ. ಎಷ್ಟು ತಿನ್ನಬಹುದು ಎಂಬುದು ನಿಮ್ಮವರ ರಂಜಕ, ಪೊಟ್ಯಾಸಿಯಂ, ಸಕ್ಕರೆ ನೋಡಿ ನಿರ್ಧಾರವಾಗಬೇಕು. ಪಥ್ಯತಜ್ಞರನ್ನು ಕೇಳಿ.

"ವಿಟಮಿನ್ ಕೆ2 ಸುಣ್ಣ ಕರಗಿಸುತ್ತದೆ." ಮ್ಯಾಟ್ರಿಕ್ಸ್ ಜಿಎಲ್‌ಎ ಪ್ರೋಟೀನು ಕೆಲಸ ಮಾಡಲು ವಿಟಮಿನ್ ಕೆ ಬೇಕು. ಆದ್ದರಿಂದ ವಿಜ್ಞಾನಿಗಳಿಗೂ ಇದರ ಮೇಲೆ ಬಹಳ ಆಸೆ ಇತ್ತು. ಡಯಾಲಿಸಿಸ್ ರೋಗಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೆ2 ಕೊಟ್ಟಾಗ ರಕ್ತದ ಸೂಚಕ ಸುಧಾರಿಸಿತು, ಆದರೆ ನಾಳದ ಸುಣ್ಣ ಕಟ್ಟುವ ವೇಗ ತಗ್ಗಲಿಲ್ಲ. ಅಂಕಿ ಬೇರೆ, ನಾಳ ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೆ2 ನುಂಗಿದರೆ ಆ ಮಾತ್ರೆಯ ಪರಿಣಾಮವೇ ಕುಂದುತ್ತದೆ. ಇದು ಪ್ರಾಣಕ್ಕೆ ಅಪಾಯ.

"ಕೀಲೇಶನ್ ಡ್ರಿಪ್ ಹಾಕಿಸಿದರೆ ನಾಳ ಸ್ವಚ್ಛವಾಗುತ್ತದೆ." ಇಡಿಟಿಎ ಎಂಬ ರಾಸಾಯನಿಕವನ್ನು ರಕ್ತಕ್ಕೆ ಏರಿಸುವ ವಿಧಾನ ಇದು. ಇಡಿಟಿಎ ದೇಹದಿಂದ ಹೊರಹೋಗುವುದೇ ಕಿಡ್ನಿಯ ಮೂಲಕ. ಇದನ್ನು ಪರೀಕ್ಷಿಸಿದ ಅಮೆರಿಕದ ಮೊದಲ ದೊಡ್ಡ ಪ್ರಯೋಗದಲ್ಲಿ ಕ್ರಿಯಾಟಿನಿನ್ 2 ದಾಟಿದವರನ್ನು ಸೇರಿಸಿಕೊಂಡೇ ಇರಲಿಲ್ಲ. 2024ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ ಹೃದ್ರೋಗಿಗಳಿಗೂ ಪ್ರಯೋಜನ ಕಾಣಲಿಲ್ಲ. ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿದು ಜನ ಸತ್ತ ಪ್ರಕರಣಗಳು ದಾಖಲಾಗಿವೆ.

"ಬೆಳ್ಳುಳ್ಳಿ-ನಿಂಬೆ ರಸ, ಎಳನೀರು ಕುಡಿದರೆ ಬ್ಲಾಕ್ ಕರಗುತ್ತದೆ." ಮೂಳೆಯಂತೆ ಗಟ್ಟಿಯಾದದ್ದನ್ನು ಕರಗಿಸುವ ಮನೆಮದ್ದು ಇಲ್ಲ. ಎಳನೀರು ಮತ್ತು ಹಣ್ಣಿನ ರಸಗಳಲ್ಲಿ ಪೊಟ್ಯಾಸಿಯಂ ಹೇರಳ. ಡಯಾಲಿಸಿಸ್ ರೋಗಿಯಲ್ಲಿ ಅದು ಏರಿದರೆ ಹೃದಯ ನಿಂತೇಹೋಗಬಹುದು. ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ದಾರೆಹುಳಿ ಹಣ್ಣಂತೂ ಕಿಡ್ನಿ ರೋಗಿಗಳ ಮಿದುಳಿಗೆ ವಿಷ. ಅದನ್ನು ಮುಟ್ಟಲೇಬಾರದು.

ಮನೆಯವರು ಏನು ಮಾಡಬಹುದು?

ಕಟ್ಟಿದ ಸುಣ್ಣವನ್ನು ತೆಗೆದುಹಾಕುವ ಸಾಬೀತಾದ ಔಷಧಿ ಇಂದಿಗೂ ಇಲ್ಲ. ಈಗ ನಮ್ಮ ಕೈಲಿರುವುದು ಅದಕ್ಕೆ ಪೂರಕವಾದ ಕಾರಣಗಳನ್ನು ತಗ್ಗಿಸುವುದು. ಅದು ಸಣ್ಣ ಕೆಲಸವಲ್ಲ.

ಡಯಾಲಿಸಿಸ್‌ನ ಒಂದು ಸರದಿಯನ್ನೂ ತಪ್ಪಿಸಬೇಡಿ, ಅರ್ಧ ಗಂಟೆ ಮೊದಲೇ ಬಿಡಿಸಿಕೊಂಡು ಬರಬೇಡಿ. ರಂಜಕ ಹೊರಹೋಗುವುದು ಹೊತ್ತನ್ನು ಅವಲಂಬಿಸಿದೆ. ರಂಜಕ ಹಿಡಿಯುವ ಮಾತ್ರೆಯನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಡಿ. ಮದುವೆ ಮನೆಗೆ ಹೋಗುವಾಗ ಜೇಬಿನಲ್ಲಿರಲಿ. ಬಿ.ಪಿ. ಮತ್ತು ಸಕ್ಕರೆ ಹತೋಟಿಯಲ್ಲಿರಲಿ, ಬೀಡಿ-ಸಿಗರೇಟು ಬಿಡಿಸಿ.

ಕ್ಯಾಲ್ಸಿಯಂ ಮತ್ತು ರಂಜಕವನ್ನು 1ರಿಂದ 3 ತಿಂಗಳಿಗೊಮ್ಮೆ, ಪಿ.ಟಿ.ಎಚ್.ಅನ್ನು 3ರಿಂದ 6 ತಿಂಗಳಿಗೊಮ್ಮೆ ನೋಡುವುದು ವಾಡಿಕೆ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕದೊಂದಿಗೆ ಬರೆದಿಡಿ. ಒಂದು ಅಂಕಿಗಿಂತ ಆರು ತಿಂಗಳ ಸಾಲು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಮುಂದಿನ ಭೇಟಿಯಲ್ಲಿ ಈ ಮೂರು ಪ್ರಶ್ನೆ ಕೇಳಿ: ನಮ್ಮವರ ರಂಜಕ ಏರುತ್ತಿದೆಯೇ? ಅವರು ತೆಗೆದುಕೊಳ್ಳುವ ಮಾತ್ರೆಗಳಿಂದ ದಿನಕ್ಕೆ ಎಷ್ಟು ಕ್ಯಾಲ್ಸಿಯಂ ಹೋಗುತ್ತಿದೆ, ಅದು ಹೆಚ್ಚೇ? ಹಳೆಯ ಎಕ್ಸ್-ರೇ ಅಥವಾ ಎಕೋದಲ್ಲಿ ಸುಣ್ಣ ಕಂಡಿದೆಯೇ? ಕ್ಯಾಲ್ಸಿಯಂ ಮಾತ್ರೆ ಬದಲಿಸಬೇಕೇ ಎಂಬುದು ಈ ಉತ್ತರಗಳ ಮೇಲೆ ನಿಂತಿದೆ. ಬದಲಿಸುವುದು ಬೇರೆ, ನಿಲ್ಲಿಸುವುದು ಬೇರೆ.

ಒಂದು ಎಚ್ಚರಿಕೆ. ಡಯಾಲಿಸಿಸ್ ರೋಗಿಗಳಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಹೃದಯಾಘಾತ ಎದೆನೋವಿಲ್ಲದೆಯೇ ಬರಬಹುದು. ಇದ್ದಕ್ಕಿದ್ದಂತೆ ಏದುಸಿರು, ತಣ್ಣನೆಯ ಬೆವರು, ವಿಪರೀತ ಸುಸ್ತು, ಡಯಾಲಿಸಿಸ್ ನಡುವೆ ಮತ್ತೆ ಮತ್ತೆ ಬಿ.ಪಿ. ಕುಸಿಯುವುದು ಕಂಡರೆ 'ನೀರು ಹೆಚ್ಚಾಗಿರಬೇಕು' ಎಂದು ಸುಮ್ಮನಾಗಬೇಡಿ. ಕೂಡಲೇ ವೈದ್ಯರಿಗೆ ತಿಳಿಸಿ, ಮನೆಯಲ್ಲಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಫಾರ್ವರ್ಡ್ ಒತ್ತುವ ಮೊದಲು

'ಇವತ್ತೇ ನಿಲ್ಲಿಸಿ' ಎಂಬ ಸಂದೇಶ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬರೆದವರು ನಮ್ಮವರ ರಿಪೋರ್ಟ್ ನೋಡಿದ್ದಾರೆಯೇ? ನೋಡಿಲ್ಲವೆಂದಾದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ. ಕಳುಹಿಸಲೇಬೇಕು ಎನಿಸಿದರೆ ಇಷ್ಟನ್ನು ಕಳುಹಿಸಿ: ರಂಜಕದ ಮಾತ್ರೆ ಊಟದ ಜೊತೆ, ಡಯಾಲಿಸಿಸ್ ಪೂರ್ತಿ ಹೊತ್ತು, ಬದಲಾವಣೆ ಏನಿದ್ದರೂ ವೈದ್ಯರನ್ನು ಕೇಳಿ.